ಕಡಲಿಗೆ ಹೊರಟವರಿಗೆ

ಪೂರಿಗಾಲಿಯ ಸುತ್ತಮುತ್ತ ಪಿಯುಸಿ ಓದುತ್ತಾ ಹಡಗಿನ ಕೆಲಸದ ಆಸೆ ಇಟ್ಟುಕೊಂಡವರು, ಕಡಲು ದೂರವೆಂದು ಕೈಬಿಡಬೇಡಿ. ನಾಟಿಕಲ್ ಸೈನ್ಸ್ ಪದವಿಗೆ ಇಂಡಿಯನ್ ಮ್ಯಾರಿಟೈಮ್ ಯೂನಿವರ್ಸಿಟಿಯ ಪ್ರವೇಶ ಪರೀಕ್ಷೆ ಬರೆಯಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಸರಾಸರಿ ಶೇ. 60, ಇಂಗ್ಲಿಷಿನಲ್ಲಿ ಶೇ. 50 ಅಂಕ ಬೇಕು.

ಕನ್ನಡ ಮಾಧ್ಯಮದವರು ಅಂಜುವುದು ಇಲ್ಲೇ. ಆದರೆ ಹಡಗಿಗೆ ಬೇಕಾದದ್ದು ಅಲಂಕಾರದ ಇಂಗ್ಲಿಷ್ ಅಲ್ಲ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2001ರಲ್ಲಿ ಅಂಗೀಕರಿಸಿದ ಸಿದ್ಧ ವಾಕ್ಯಗಳ ಪಟ್ಟಿಯೇ ಇದೆ. 150 ಡಿಗ್ರಿ ಎನ್ನಲು ‘ಒನ್ ಫೈವ್ ಝೀರೋ’ ಎಂದು ಅಂಕಿ ಬಿಡಿಸಿ ಹೇಳುತ್ತಾರೆ. ಅಧಿಕಾರಿ ‘ಸ್ಟಾರ್‌ಬೋರ್ಡ್ ಟೆನ್’ ಎಂದರೆ ಚುಕ್ಕಾಣಿ ಹಿಡಿದವನು ಅದನ್ನೇ ತಿರುಗಿ ಹೇಳಿ, ಬಲಕ್ಕೆ ತಿರುಗಿಸಿದ ಮೇಲೆ ಮತ್ತೆ ತಿಳಿಸಬೇಕು. ಗೆಳೆಯರ ಜೊತೆ ದಿನಾ ಗಟ್ಟಿಯಾಗಿ ಹೇಳಿ ನೋಡಿ, ನಾಲಿಗೆ ಪಳಗುತ್ತದೆ.

ಕಡಲ ಜೀವಿಗಳ ಓದು ಇಷ್ಟವೆನ್ನುವವರಿಗೆ ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಕಾರವಾರದಲ್ಲಿ ಕಡಲ ಜೀವಶಾಸ್ತ್ರದ ಸ್ನಾತಕೋತ್ತರ ವಿಭಾಗವಿದೆ.

ಅಪ್ಪ-ಅಮ್ಮಂದಿರೇ, ಹಡಗಿನಲ್ಲಿ ಕೆಲಸ ಕೊಡಿಸುತ್ತೇನೆಂದು ದುಡ್ಡು ಕೇಳುವವರನ್ನು ನಂಬಿ ಜಮೀನು ಅಡ ಇಡಬೇಡಿ. ನಾವಿಕರಿಂದ ನೇಮಕಾತಿ ಶುಲ್ಕ ಪಡೆಯುವಂತೆಯೇ ಇಲ್ಲ. ಕಾಲೇಜಿಗೆ ಫೀಸು ಕಟ್ಟುವ ಮೊದಲು ಅದಕ್ಕೆ ನೌಕಾಯಾನ ಮಹಾನಿರ್ದೇಶನಾಲಯದ ಮಾನ್ಯತೆ ಇದೆಯೇ ವಿಚಾರಿಸಿ. ಮಕ್ಕಳ ಕಣ್ಣು ಬಣ್ಣಗಳನ್ನು ಸರಿಯಾಗಿ ಗುರುತಿಸುತ್ತದೆಯೇ ಎಂದೂ ಆಗಲೇ ವೈದ್ಯರಿಗೆ ತೋರಿಸಿಕೊಳ್ಳಿ.