ಸ್ಪೀಕರ್ ಹಾಳಾದಾಗ ನಾವೇ ಬಿಚ್ಚಬಹುದೇ?

ಪ್ರಶ್ನೆ: ನಾವು ಕೆಲಸದ ನಿಮಿತ್ತ ವಿಶಾಖಪಟ್ಟಣದಲ್ಲಿ ನೆಲೆಸಿದ ಕನ್ನಡಿಗರು. ಇಪ್ಪತ್ತು ವರ್ಷದ ಹಿಂದೆ ಕೊಂಡ ಜೋಡಿ ಸ್ಪೀಕರ್‌ಗಳು ಈಗ ಸ್ವಲ್ಪ ದನಿ ಏರಿಸಿದರೂ ಪಟಪಟ ಎನ್ನುತ್ತವೆ. ಹಿಂಬದಿಯಲ್ಲಿ 8 ಓಮ್ ಎಂದು ಬರೆದಿದೆ, ಆದರೆ ಮೀಟರ್ 6.4 ತೋರಿಸುತ್ತದೆ. ವಿಜಯವಾಡದಲ್ಲಿರುವ ತಮ್ಮನ ಮನೆಯ ಸ್ಪೀಕರ್‌ಗಳು 2024ರ ಬುಡಮೇರು ನೆರೆಯಲ್ಲಿ ನೀರಿನಲ್ಲಿ ನಿಂತಿದ್ದವು. ಇವನ್ನು ನಾವೇ ಸರಿಮಾಡಿಕೊಳ್ಳಬಹುದೇ, ರಿಪೇರಿಯವರಿಗೇ ಕೊಡಬೇಕೇ?

ಉತ್ತರ: ನೀವು ಕೇಳಿದ್ದು ಒಂದು ಪ್ರಶ್ನೆ, ಆದರೆ ಉತ್ತರ ಎರಡು. ನಿಮ್ಮ ಮನೆಯ ಜೋಡಿಯನ್ನು ಬಹುಶಃ ನೀವೇ ಸರಿಮಾಡಬಹುದು. ತಮ್ಮನ ಮನೆಯ ಜೋಡಿಯನ್ನು ಕಸುಬು ಬಲ್ಲವರ ಕೈಗೆ ಕೊಡುವುದೇ ಸರಿ. ಬರೆಯುವ ಮೊದಲೇ ಮೀಟರ್ ಹಿಡಿದು ಅಳೆದಿದ್ದೀರಲ್ಲ, ಅದು ನನಗೆ ತುಂಬ ಸಂತೋಷ ಕೊಟ್ಟಿತು. ಆ ಒಂದು ಅಂಕಿಯಿಂದಲೇ ಅರ್ಧ ವಿಷಯ ತಿಳಿಯುತ್ತದೆ.

ಮೊದಲು ಸ್ಪೀಕರ್ ಹೇಗೆ ಕೆಲಸ ಮಾಡುತ್ತದೆ ನೋಡೋಣ. ಹಿಂದೆ ಮ್ಯಾಗ್ನೆಟ್ ಇದೆ. ಅದರ ನಡುವೆ ಉಂಗುರದ ಆಕಾರದ ಕಿರಿದಾದ ಸಂದು. ಆ ಸಂದಿನಲ್ಲಿ ತೆಳು ತಂತಿ ಸುತ್ತಿದ ಪುಟ್ಟ ಕೊಳವೆ, ಅಂಗಡಿಯವರು ಕಾಯಿಲ್ ಎನ್ನುವುದು ಇದನ್ನೇ. ಕಾಯಿಲ್‌ಗೆ ಕೋನ್ ಅಂಟಿಕೊಂಡಿದೆ. ಕೋನ್ ಹಿಂದೆ ಮುಂದೆ ಆಡಬೇಕು, ಆದರೆ ಅತ್ತಿತ್ತ ವಾಲಬಾರದು. ಅದಕ್ಕಾಗಿ ಎರಡು ಕಡೆ ಹಿಡಿತ ಕೊಟ್ಟಿರುತ್ತಾರೆ: ಕಾಯಿಲ್ ಹತ್ತಿರ ನೆರಿಗೆಬಟ್ಟೆಯ ಸ್ಪೈಡರ್, ಹೊರ ಅಂಚಿನಲ್ಲಿ ಫೋಮ್ ಅಥವಾ ರಬ್ಬರಿನ ಪಟ್ಟಿ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ 1925ರಲ್ಲಿ ವಿವರಿಸಿದ ಏರ್ಪಾಡು ಇದು. ನೂರು ವರ್ಷ ಕಳೆದರೂ ಮೂಲದಲ್ಲಿ ಬದಲಾಗಿಲ್ಲ. ಹಾಗಾಗಿಯೇ ಸ್ಪೀಕರ್ ಇವತ್ತಿಗೂ ಬಿಚ್ಚಿ, ಅಂಟಿಸಿ, ಮತ್ತೆ ಹಾಡಿಸಬಹುದಾದ ವಸ್ತುವಾಗಿ ಉಳಿದಿದೆ.

ಇನ್ನು ನಿಮ್ಮ 6.4 ಓಮ್. ಇದನ್ನು ನೋಡಿ ಕಾಯಿಲ್ ಸುಡುತ್ತಾ ಬಂದಿದೆ ಎಂದು ಅನೇಕರು ಗಾಬರಿಯಾಗುತ್ತಾರೆ. ಗೊಂದಲ ಸಹಜವೇ, ಆದರೆ ಭಯ ಬೇಡ. ಮೀಟರ್ ತನ್ನ ಬ್ಯಾಟರಿಯ ನೇರ ವಿದ್ಯುತ್ತಿನಿಂದ ಅಳೆಯುವುದರಿಂದ ಅದಕ್ಕೆ ಕಾಣುವುದು ತಾಮ್ರದ ತಂತಿಯ ರೋಧ ಮಾತ್ರ. ಹಾಡಿನ ವಿದ್ಯುತ್ತು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರುತ್ತದೆ. ಅದಕ್ಕೆ ಕಾಯಿಲ್ ಇನ್ನಷ್ಟು ಅಡ್ಡಿ ಒಡ್ಡುತ್ತದೆ, ಆ ಅಡ್ಡಿ ಸ್ವರ ಬದಲಾದಂತೆ ಬದಲಾಗುತ್ತದೆ. 8 ಓಮ್ ಎಂಬುದು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡು ಕಂಪನಿಯವರು ಕೊಡುವ ಹೆಸರಿನ ಅಂಕಿ. 8 ಓಮ್ ಸ್ಪೀಕರ್ ಮೀಟರಿನಲ್ಲಿ ಸಾಮಾನ್ಯವಾಗಿ ಐದೂವರೆಯಿಂದ ಏಳರವರೆಗೆ, 4 ಓಮ್‌ನದು ಮೂರರಿಂದ ಮೂರು ಮುಕ್ಕಾಲಿನವರೆಗೆ ತೋರಿಸಬೇಕು. ಅಂದರೆ ನಿಮ್ಮ ಕಾಯಿಲ್ ತಂತಿ ಗಟ್ಟಿಯಾಗಿಯೇ ಇದೆ. ಒಂದು ಮಾತು: ಪೆಟ್ಟಿಗೆಯ ಹಿಂಬದಿಯ ಟರ್ಮಿನಲ್‌ಗಳಲ್ಲಿ ಅಳೆದಿದ್ದರೆ ನೀವು ಪರೀಕ್ಷಿಸಿದ್ದು ದೊಡ್ಡ ಸ್ಪೀಕರನ್ನು ಮಾತ್ರ. ಏರುಸ್ವರಗಳ ಪುಟ್ಟ ಸ್ಪೀಕರ್, ಅಂದರೆ ಟ್ವೀಟರಿನ ದಾರಿಯಲ್ಲಿರುವ ಕೆಪಾಸಿಟರ್ ಮೀಟರಿನ ನೇರ ವಿದ್ಯುತ್ತನ್ನು ತಡೆಯುತ್ತದೆ. ಟ್ವೀಟರನ್ನು ಬಿಡಿಸಿಯೇ ಅಳೆಯಬೇಕು.

ಹಾಗಾದರೆ ಪಟಪಟ ಎನ್ನುವುದು ಏನು? ಮುಂದಿನ ಜಾಲರಿ ತೆಗೆದು ಟಾರ್ಚ್ ಬಿಟ್ಟು ಕೋನಿನ ಅಂಚು ನೋಡಿ. ಇಪ್ಪತ್ತು ವರ್ಷದ ಫೋಮ್ ಅಂಚಾಗಿದ್ದರೆ ಬೆರಳು ತಾಗಿದರೆ ಸಾಕು, ಅಂಟಂಟಾಗಿ ಉದುರುತ್ತದೆ. ಹಾಡಿ ಹಾಡಿ ಸವೆದದ್ದಲ್ಲ ಅದು. ಪಾಲಿಯುರೆಥೇನ್ ಫೋಮನ್ನು ಗಾಳಿಯ ತೇವವೇ ಕ್ರಮೇಣ ಒಡೆಯುತ್ತದೆ, ಸೆಕೆ ಆ ಕೆಲಸವನ್ನು ಚುರುಕು ಮಾಡುತ್ತದೆ. ಕಡಲ ಮಗ್ಗುಲಿನ ವಿಶಾಖಪಟ್ಟಣದಲ್ಲಿ ಎರಡೂ ಧಾರಾಳ. ಸ್ಪೀಕರನ್ನು ಮುಟ್ಟದೆ ಕಪಾಟಿನಲ್ಲಿಟ್ಟರೂ ಫೋಮ್ ಉಳಿಯುವುದಿಲ್ಲ. ಆಕಾಶವಾಣಿಯ ವಿಜಯವಾಡ ಕೇಂದ್ರ ಶುರುವಾದದ್ದು 1948ರಲ್ಲಿ. ಆ ಕಾಲದ ರೇಡಿಯೊಗಳನ್ನು ಬಿಚ್ಚಿ ನೋಡಿದರೆ ಎಷ್ಟೋ ಸಲ ಸ್ಪೀಕರ್ ಅಂಚು ಇನ್ನೂ ಗಟ್ಟಿಯಾಗಿರುತ್ತದೆ. ಅವುಗಳಲ್ಲಿ ಫೋಮ್ ಇರಲಿಲ್ಲ, ಕೋನಿನ ಕಾಗದವನ್ನೇ ನೆರಿಗೆ ಮಾಡಿ ಅಂಚಾಗಿಸಿದ್ದರು.

ಕೈಹಾಕುವ ಮೊದಲು ಇನ್ನೊಂದು ಪರೀಕ್ಷೆ ಮಾಡಿ. ಆಂಪ್ಲಿಫೈಯರಿನ ತಂತಿ ಕಳಚಿ, ಎರಡೂ ಕೈಯ ಬೆರಳುಗಳನ್ನು ಕೋನಿನ ಮೇಲೆ ಎದುರುಬದುರಾಗಿಟ್ಟು ಸಮವಾಗಿ, ಹಗುರವಾಗಿ ಒತ್ತಿ. ಸದ್ದಿಲ್ಲದೆ ಒಳಗೆ ಹೋಗಿ ಬಂದರೆ ಕೆಟ್ಟಿರುವುದು ಅಂಚು ಮಾತ್ರ. ಕರಕರ ಎಂದು ಉಜ್ಜಿದ ಸದ್ದು ಬಂದರೆ ಕಾಯಿಲ್ ಸಂದಿಗೆ ತಾಗುತ್ತಿದೆ ಎಂದರ್ಥ. ಮನೆಯಲ್ಲೇ ಮಾಡಬೇಕೋ ಬೇಡವೋ ಎಂಬುದನ್ನು ನಾನು ತೀರ್ಮಾನಿಸುವುದು ಇದರಿಂದಲೇ. ಸ್ಪೀಕರಿನ ಬೆಲೆ ಎಷ್ಟು, ವಯಸ್ಸೆಷ್ಟು ಎಂಬುದರಿಂದಲ್ಲ. ಅಂಚು ಮನೆಯ ಕೆಲಸ, ಕಾಯಿಲ್ ಕಸುಬುದಾರರ ಕೆಲಸ.

ಅಂಚು ಮಾತ್ರ ಹೋಗಿದ್ದರೆ ಹೀಗೆ ಮಾಡಿ. ಸ್ಕ್ರೂ ಬಿಚ್ಚುವಾಗ ಇನ್ನೊಂದು ಅಂಗೈಯನ್ನು ಕೋನಿನ ಮೇಲೆ ಅಡ್ಡ ಹಿಡಿದಿರಿ. ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ನನ್ನ ಮೊದಲ ಪ್ರಯತ್ನದಲ್ಲಿ ಹೀಗೆಯೇ ಒಂದು ಒಳ್ಳೆಯ ಕೋನ್ ತೂತಾಯಿತು. ಯಾವ ತಂತಿ ಯಾವ ಟರ್ಮಿನಲ್‌ನದು ಎಂದು ಗುರುತು ಹಾಕಿಕೊಳ್ಳಿ. ಅದಲುಬದಲಾದರೆ ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತದೆ, ತಬಲಾ ಮೃದಂಗಗಳ ತುಂಬುದನಿ ಸೊರಗುತ್ತದೆ. ಹೊಸ ಫೋಮ್ ಕೊಳ್ಳುವಾಗ ಬರೀ ‘8 ಇಂಚು’ ಎಂದು ಕೇಳಿದರೆ ಸಾಲದು. ಕಬ್ಬಿಣದ ಚೌಕಟ್ಟಿನಲ್ಲಿ ಫೋಮ್ ಕೂರುವ ಜಾಗದ ಅಳತೆ, ಕೋನಿನ ಹೊರ ಅಳತೆ, ನಡುವಿನ ಉಬ್ಬಿನ ಅಗಲ ಮೂರನ್ನೂ ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಗಿ. ನಿಮ್ಮೂರಿನ ಹವೆಗೆ ರಬ್ಬರ್ ಹೆಚ್ಚು ಬಾಳುತ್ತದೆ ನಿಜ. ಆದರೆ ಫೋಮಿಗೆಂದೇ ಮಾಡಿದ ಕೋನಿಗೆ ದಪ್ಪ ರಬ್ಬರ್ ಅಂಟಿಸಿದರೆ ಅದರ ಚಲನೆ ಬಿಗಿಯಾಗಿ ತಗ್ಗು ಸ್ವರಗಳು ಕುಗ್ಗುತ್ತವೆ. ನಾನಾದರೆ ಫೋಮನ್ನೇ ಹಾಕುತ್ತೇನೆ.

ಹಳೆಯ ಫೋಮನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ನಿಧಾನವಾಗಿ ಒರೆಸಿ ತೆಗೆಯಿರಿ. ಥಿನ್ನರ್, ಪೆಟ್ರೋಲ್ ಹತ್ತಿರ ತರಬೇಡಿ. ಅಂಟು ಒಣಗಿದ ಮೇಲೂ ಬಳುಕುವಂಥದ್ದಿರಬೇಕು, ನಿಧಾನವಾಗಿ ಒಣಗಬೇಕು. ಮರಗೆಲಸದ ಬಿಳಿ ಅಂಟು ನಡೆಯುತ್ತದೆ. ಫೆವಿಕ್ವಿಕ್ ಬೇಡ, ಅದು ಕ್ಷಣದಲ್ಲಿ ಗಡಸಾಗಿ ತಿದ್ದಲು ಅವಕಾಶವನ್ನೇ ಕೊಡುವುದಿಲ್ಲ. ಮೊದಲು ಫೋಮನ್ನು ಕೋನಿಗೆ ಅಂಟಿಸಿ ಒಂದು ರಾತ್ರಿ ಬಿಡಿ. ಮರುದಿನ ಚೌಕಟ್ಟಿಗೆ ಅಂಟಿಸಿ. ಇಡೀ ಕೆಲಸದಲ್ಲಿ ನಾಜೂಕಾದದ್ದು ಈ ಎರಡನೆಯ ಅಂಟು, ಏಕೆಂದರೆ ಕಾಯಿಲ್ ಸಂದಿನ ನಟ್ಟನಡುವೆ ನಿಲ್ಲುವುದು ಇದರಿಂದಲೇ. ಅಂಟು ಹಸಿಯಿರುವಾಗಲೇ ಮೊಬೈಲಿನ ಟೋನ್ ಜನರೇಟರ್ ಆ್ಯಪಿನಿಂದ 30 ಹರ್ಟ್ಜ್ ಸ್ವರವನ್ನು ಆಂಪ್ಲಿಫೈಯರ್ ಮೂಲಕ ಅತಿ ಸಣ್ಣ ದನಿಯಲ್ಲಿ ಕೊಡಿ. ಉಜ್ಜುವ ಸದ್ದು ಕೇಳಿದರೆ ಫೋಮನ್ನು ಕೂದಲೆಳೆಯಷ್ಟು ಅತ್ತಿತ್ತ ಸರಿಸಿ ಆ ಸದ್ದು ನಿಲ್ಲಿಸಿ. ಆಮೇಲೆ ಅಂಚಿನ ಸುತ್ತ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ. 24 ಗಂಟೆ ಸಾಕು. ಮಳೆಗಾಲದಲ್ಲಿ ಇನ್ನೂ ಒಂದು ದಿನ ಬಿಡಿ.

ತಮ್ಮನ ಮನೆಯ ಜೋಡಿಯ ಕಥೆಯೇ ಬೇರೆ. ನೆರೆಯ ನೀರು ಹೊರಟುಹೋಗುತ್ತದೆ, ಕೆಸರು ಕಾಯಿಲ್‌ನ ಸಂದಿನಲ್ಲಿ ಉಳಿಯುತ್ತದೆ. ಸಂದಿನ ಎರಡೂ ಬದಿಯ ಕಬ್ಬಿಣ ತುಕ್ಕು ಹಿಡಿಯುತ್ತದೆ, ಸ್ಪೈಡರ್ ಮಣ್ಣು ಕುಡಿದು ಬಿರುಸಾಗುತ್ತದೆ. ಇಲ್ಲಿ ಕೋನನ್ನೇ ಕಿತ್ತು, ಸಂದು ಶುಚಿಮಾಡಿ, ಕಾಯಿಲ್, ಸ್ಪೈಡರ್, ಕೋನ್ ಎಲ್ಲವನ್ನೂ ಹೊಸದಾಗಿ ಕೂರಿಸಬೇಕು. ರೀಕೋನಿಂಗ್ ಎನ್ನುವುದು ಇದನ್ನೇ, ಕೈ ಪಳಗದೆ ಬರುವ ವಿದ್ಯೆಯಲ್ಲ. ಅವು ಒಳಗೇ ಆಂಪ್ಲಿಫೈಯರ್ ಇರುವ, ಕರೆಂಟಿಗೆ ನೇರ ಹಾಕುವ ಸ್ಪೀಕರ್‌ಗಳಾಗಿದ್ದರೆ ಪ್ಲಗ್ ಹಾಕಿ ನೋಡಲೂ ಬೇಡಿ, ಬಿಚ್ಚಲೂ ಬೇಡಿ ಎಂದು ತಮ್ಮನಿಗೆ ಇವತ್ತೇ ಹೇಳಿ. ಪ್ಲಗ್ ತೆಗೆದ ಮೇಲೂ ಅದರ ದೊಡ್ಡ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರಬಹುದು. ಪೆಟ್ಟಿಗೆ ಮರದ ಹುಡಿ ಒತ್ತಿ ಮಾಡಿದ ಹಲಗೆಯದಾಗಿ, ಉಬ್ಬಿ ಬಿರಿದಿದ್ದರೆ ಅದಕ್ಕೆ ದುಡ್ಡು ಹಾಕುವುದು ಸರಿಯಲ್ಲ. ಒಳಗಿನ ಸ್ಪೀಕರ್ ಬೆಲೆಬಾಳುವಂಥದ್ದಾದರೆ ಅದನ್ನಷ್ಟೇ ಉಳಿಸಿಕೊಳ್ಳಿ.

ರೀಕೋನಿಂಗ್ ಮಾಡುವವರು ಯಾರೆಂದು ಮೈಕ್ ಸೆಟ್ ಬಾಡಿಗೆಗೆ ಕೊಡುವವರನ್ನು ಕೇಳಿ. ಅವರ ಸ್ಪೀಕರ್‌ಗಳ ಕಾಯಿಲ್ ಸುಡುತ್ತಲೇ ಇರುತ್ತದೆ, ಕೆಲಸ ಚೆನ್ನಾಗಿ ಬಲ್ಲವರು ಯಾರೆಂದು ಅವರಿಗೇ ಗೊತ್ತು. ವಿನಾಯಕ ಚವಿತಿಯಿಂದ ವಿಜಯವಾಡದ ಇಂದ್ರಕೀಲಾದ್ರಿಯ ದಸರಾ ಮುಗಿಯುವವರೆಗೆ ಹೋಗದಿರುವುದು ಒಳ್ಳೆಯದು, ಧ್ವನಿವರ್ಧಕದ ಕಸುಬಿನವರಿಗೆಲ್ಲ ಅದು ಬಿಡುವಿಲ್ಲದ ಕಾಲ. ಕೊಡುವಾಗ ಎರಡು ಮಾತು ಖಚಿತ ಮಾಡಿಕೊಳ್ಳಿ. ಒಂದು, ಜೋಡಿಯಲ್ಲಿ ಒಂದಕ್ಕೆ ಮಾತ್ರ ಹೊಸ ಕೋನ್ ಹಾಕಿದರೆ ಎರಡರ ದನಿ ಹೊಂದುವುದಿಲ್ಲ, ಎರಡಕ್ಕೂ ಒಂದೇ ತರಹದ್ದು ಹಾಕಿಸಿ. ಎರಡು, ತೆಗೆದ ಭಾಗಗಳನ್ನು ವಾಪಸು ಕೇಳಿ. ತೆಲುಗಿನಲ್ಲಿ ‘ಪಾತ ಕಾಯಿಲ್ ನಾಕು ಇವ್ವಂಡಿ’ (ಹಳೆಯ ಕಾಯಿಲ್ ನನಗೆ ಕೊಡಿ) ಎಂದರೆ ಸಾಕು. ಹಳೆಯ ಕಾಯಿಲ್ ಕೈಯಲ್ಲಿದ್ದರೆ ಅದರ ವ್ಯಾಸ, ತಂತಿಯ ಪದರ ನೋಡಿ ಮುಂದೆ ಯಾರಾದರೂ ಅದೇ ಅಳತೆಯದನ್ನು ಮತ್ತೆ ಹಾಕಬಲ್ಲರು.

ನಿಮ್ಮ ಫೋಮ್ ಹೋದ ಜೋಡಿಯನ್ನು ಅಂಗಡಿಗೇ ಕೊಡುವ ಮನಸ್ಸಾದರೆ ಅದೂ ತಪ್ಪಲ್ಲ. ಆದರೆ ‘ಅಂಚು ಮಾತ್ರ ಹಾಕಿ, ಕೋನ್ ಬದಲಿಸಬೇಡಿ’ ಎಂದು ಸ್ಪಷ್ಟವಾಗಿ ಹೇಳಿ. ಇಡೀ ಕೋನ್ ಬದಲಿಸುವುದು ಅಂಗಡಿಯಲ್ಲಿ ಬೇಗ ಮುಗಿಯುವ ಕೆಲಸ. ನೀವು ಇಪ್ಪತ್ತು ವರ್ಷ ಕೇಳಿದ ದನಿ ಇರುವುದು ಆ ಹಳೆಯ ಕೋನಿನಲ್ಲಿ.