ಕೆರೆಯ ಹನಿಯಲ್ಲೊಂದು ರಂಗವಲ್ಲಿ

ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣವೆಂದೊಡನೆ ಕುರುಚಲು ಕಾಡು ನಮ್ಮ ಕಣ್ಣ ಮುಂದೆ ನಿಲ್ಲುವುದು. ಅಲ್ಲಿಯ ಕಾಡು 2019ರಲ್ಲಿ ಚಿಂಕಾರವೆಂಬ ಹುಲ್ಲೆಗಾಗಿ ವನ್ಯಧಾಮವಾಯಿತು. ಹುಲ್ಲೆಯನ್ನು ಬರಿಗಣ್ಣಿನಿಂದ ಕಾಣಬಹುದು. ಆದರೆ ಇಂತಹ ಒಣಸೀಮೆಯ ಕೆರೆಗಳಲ್ಲಿ ಮಳೆನೀರು ನಿಂತ ಬಳಿಕ ತಲೆದೋರುವ ಇನ್ನೊಂದು ಜೀವಲೋಕವನ್ನು ಕಾಣಲು ಸೂಕ್ಷ್ಮದರ್ಶಕವೇ ಬೇಕು. ಆ ಲೋಕವನ್ನು ನೋಡಿ ರಂಗವಲ್ಲಿಯೊಂದನ್ನು ಬರೆಯುವ ಬಗೆಯನ್ನು ಈಗ ಕಲಿಯೋಣ.

ಹಸಿರುಗಟ್ಟಿದ ನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಅದರ ಮೇಲೆ ತೆಳುಗಾಜನ್ನು ಮುಚ್ಚಬೇಕು. ಶಾಲೆಯಲ್ಲಿ ಸೂಕ್ಷ್ಮದರ್ಶಕವಿಲ್ಲದಿದ್ದರೆ ಮನು ಪ್ರಕಾಶ್ ಮತ್ತು ಅವರ ಸಂಗಡಿಗರು ರೂಪಿಸಿ 2014ರಲ್ಲಿ ವಿವರಿಸಿದ, ಕಾಗದವನ್ನು ಮಡಚಿ ಮಾಡುವ ‘ಫೋಲ್ಡ್‌ಸ್ಕೋಪ್’ ಆದರೂ ಸಾಕು.

ಹನಿಯಲ್ಲಿ ಪೀಡಿಯಾಸ್ಟ್ರಮ್ ಎಂಬ ಹಸಿರು ಪಾಚಿ ದೊರೆತರೆ ನಮ್ಮ ಭಾಗ್ಯ. ಜೀವಕೋಶಗಳು ಒಂದೇ ಸಮತಲದಲ್ಲಿ ಕೂಡಿ ಆದ ಪುಟ್ಟ ಚಕ್ರವಿದು. ತಾಯಿಕೋಶದೊಳಗಿನ ಜೀವದ್ರವ್ಯವು ಎರಡೆರಡಾಗಿ ಒಡೆಯುತ್ತ ಹೋಗುವುದರಿಂದ ಕೋಶಗಳ ಸಂಖ್ಯೆ ಸಾಮಾನ್ಯವಾಗಿ 4, 8, 16, 32 ಎಂದು ಇಮ್ಮಡಿಸುವುದು. ಮರಿಕೋಶಗಳು ಸ್ವಲ್ಪ ಕಾಲ ಚಲಿಸಿ, ಬಳಿಕ ತಮ್ಮ ತಮ್ಮ ಸ್ಥಾನದಲ್ಲಿ ನೆಲೆನಿಂತು ಹೊಸ ಚಕ್ರವಾಗುವುವು. 16 ಕೋಶಗಳ ಚಕ್ರದಲ್ಲಿ ನಡುವೆ 1, ಅದರ ಸುತ್ತ 5, ಹೊರಸುತ್ತಿನಲ್ಲಿ 10 ಕೋಶಗಳಿರುವುದುಂಟು. ಅನೇಕ ಜಾತಿಗಳಲ್ಲಿ ಹೊರಗಿನ ಕೋಶಗಳಿಗೆ ಎರಡೆರಡು ಕೊಂಬುಗಳಿರುವುವು.

ನಮ್ಮ ಅಂಗಳದ ರಂಗವಲ್ಲಿಗೂ ಚುಕ್ಕಿಯ ಲೆಕ್ಕವೇ ಮೊದಲಲ್ಲವೆ? ಇಲ್ಲಿಯೂ ಹಾಗೆಯೇ. ಕಂಡ ಕೋಶಗಳನ್ನು ಎಣಿಸಿ, ಕೋಶಕ್ಕೊಂದರಂತೆ ಚುಕ್ಕಿಯಿಟ್ಟು, ಪ್ರತಿ ಚುಕ್ಕಿಯ ಸುತ್ತ ಕೋಶದ ಅಂಚನ್ನೆಳೆದು, ಕೊನೆಗೆ ಹೊರಸುತ್ತಿಗೆ ಕೊಂಬುಗಳನ್ನು ಮೂಡಿಸಬೇಕು.

ಆದರೆ ಒಂದು ಎಚ್ಚರಿಕೆ ಅವಶ್ಯ. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1899ರಿಂದ 1904ರವರೆಗೆ ‘ನಿಸರ್ಗದ ಕಲಾರೂಪಗಳು’ ಎಂಬ 100 ಚಿತ್ರಫಲಕಗಳನ್ನು ಪ್ರಕಟಿಸಿದನು. ಅವನು ಚಿತ್ರಿಸಿದ್ದ ಸಮುದ್ರದ ಸೂಕ್ಷ್ಮಜೀವಿಗಳ ಮಾದರಿಯಿಂದಲೇ ರೆನೆ ಬಿನೆ ಎಂಬ ವಾಸ್ತುಶಿಲ್ಪಿಯು 1900ರ ಪ್ಯಾರಿಸ್ ಪ್ರದರ್ಶನದ ಹೆಬ್ಬಾಗಿಲನ್ನು ರಚಿಸಿದನು. ಚಿತ್ರಗಳ ಚೆಲುವು ನಿರ್ವಿವಾದ; ಆದರೆ ಇದ್ದುದಕ್ಕಿಂತ ಹೆಚ್ಚಿನ ಅಚ್ಚುಕಟ್ಟನ್ನು ಹೆಕೆಲ್ ಅವುಗಳಿಗೆ ಕೊಟ್ಟನೆಂಬ ಆಕ್ಷೇಪವೂ ಉಂಟು. ನಮ್ಮ ಕೈಗೂ ಈ ಚಾಪಲ್ಯ ತಪ್ಪಿದ್ದಲ್ಲ. ಚಕ್ರದಲ್ಲಿ ಒಂದು ಕೋಶ ಓರೆಯಾಗಿದ್ದರೆ ನೇರಗೊಳಿಸಲು, ಒಂದು ಕಡಿಮೆಯಿದ್ದರೆ ತುಂಬಲು ಮನಸ್ಸು ಎಳೆಯುವುದು. ಆದುದರಿಂದ ಎರಡು ಚಿತ್ರಗಳನ್ನು ಬರೆಯೋಣ: ಮೊದಲನೆಯದು ಕಂಡಂತೆ, ಎರಡನೆಯದು ಮನಸ್ಸು ಬಯಸಿದಂತೆ. ಮೊದಲನೆಯದರ ಕೆಳಗೆ ಕೆರೆಯ ಹೆಸರನ್ನೂ ದಿನಾಂಕವನ್ನೂ ಕಾಣಿಸೋಣ.

ಬೇಸಗೆಯಲ್ಲಿ ಕೆರೆ ಬತ್ತುವುದು, ಅಂಗಳದ ರಂಗವಲ್ಲಿ ಮರುದಿನ ಅಳಿಯುವುದು. ಆ ನೀರಿನಲ್ಲಿ ಯಾರು ಬಾಳಿದ್ದರೆಂಬುದಕ್ಕೆ ಕಂಡಂತೆ ಬರೆದ ಆ ಹಾಳೆಯೊಂದೇ ಸಾಕ್ಷಿಯಾಗಿ ಉಳಿಯಬಹುದು.