ನಂದಿ ಹತ್ತುವವರಿಗೆ ಮಾಸ್ಕ್ ಪರೀಕ್ಷೆ ಬೇಕೆ?

ಪ್ರಶ್ನೆ: ನನಗೆ 41 ವರ್ಷ. ಭಾನುವಾರ ಬಂದರೆ ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ದಾಟಿ ನಂದಿಬೆಟ್ಟಕ್ಕೆ ಸೈಕಲ್ ಹೊಡೆಯುತ್ತೇನೆ. ಗೋವಾದ ಹಾಫ್ ಐರನ್‌ಮ್ಯಾನ್‌ಗೆ ಹೆಸರು ಕೊಡುವ ಆಸೆ. ಮುಖಕ್ಕೆ ಮಾಸ್ಕ್ ಹಾಕಿ ಮಾಡುವ ಮೆಟಬಾಲಿಕ್ ಟೆಸ್ಟ್‌ನಿಂದ ಉಪಯೋಗವಿದೆಯೇ, ದುಡ್ಡು ದಂಡವೇ?
– ಓದುಗರು, ಚಿಂತಾಮಣಿ

ಉತ್ತರ: ದಂಡವಲ್ಲ. ಆದರೆ ಟೆಸ್ಟ್ ಮಾಡಿಸಿಕೊಂಡವರು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುವುದು ‘ವಿಒ2 ಮ್ಯಾಕ್ಸ್’ ಅನ್ನು ಮಾತ್ರ. ಮೈ ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಎಂಬ ಆ ಅಂಕಿ ಗೆಳೆಯರ ಮುಂದೆ ಹೇಳಿಕೊಳ್ಳಲು ಚೆನ್ನ. ನಿಮಗೆ ಬೇಕಾದದ್ದು ಅದೇ ವರದಿಯ ಇನ್ನೊಂದು ಪುಟದಲ್ಲಿರುತ್ತದೆ: ಯಾವ ವೇಗದಲ್ಲಿ ನಿಮ್ಮ ಮೈ ಏನನ್ನು ಉರಿಸುತ್ತದೆ ಎಂಬುದು.

ನಿಮ್ಮ ಕಡೆ ಹಿಪ್ಪುನೇರಳೆ ಕಡ್ಡಿಯಲ್ಲಿ ಒಲೆ ಹೊತ್ತಿಸುವುದನ್ನು ಕಂಡಿರುತ್ತೀರಿ. ಭಗ್ಗನೆ ಉರಿದು ಬೇಗ ಬೂದಿಯಾಗುತ್ತದೆ. ಹುಣಸೆ ಕೊರಡು ಹೊತ್ತಿಕೊಳ್ಳುವುದು ನಿಧಾನ, ಹೊತ್ತಿತೋ ಕೆಂಡ ಆರುವುದಿಲ್ಲ. ಮೈಯಲ್ಲಿ ಸಕ್ಕರೆ ಅಂಶವೇ ಕಡ್ಡಿ, ಕೊಬ್ಬೇ ಕೊರಡು. ಸ್ನಾಯು, ಯಕೃತ್ತು ಎಲ್ಲ ಸೇರಿ ಕಡ್ಡಿಯ ದಾಸ್ತಾನು ಸುಮಾರು 500 ಗ್ರಾಂ. ಕೊಬ್ಬು ಸಣಕಲು ಆಸಾಮಿಯಲ್ಲೂ ಕೆಜಿಗಟ್ಟಲೆ. ಉಸಿರಿನಲ್ಲಿ ಹೊರಬಂದ ಇಂಗಾಲದ ಡೈಆಕ್ಸೈಡನ್ನು ಒಳಗೆ ಬಳಕೆಯಾದ ಆಮ್ಲಜನಕದಿಂದ ಭಾಗಿಸಿದರೆ ಯಾವುದು ಉರಿಯುತ್ತಿದೆ ಎಂದು ತಿಳಿಯುತ್ತದೆ. ಉತ್ತರ 0.7ರ ಹತ್ತಿರ ಬಂದರೆ ಬಹುಪಾಲು ಕೊಬ್ಬು, 1.0 ಆದರೆ ಪೂರ್ತಿ ಸಕ್ಕರೆ. ಮಾಸ್ಕ್ ಇರುವುದೇ ಇದಕ್ಕೆ.

ಒಂದು ಲೆಕ್ಕ ಹಾಕೋಣ. ಗಂಟೆಗೆ 600 ಕ್ಯಾಲೊರಿ ಖರ್ಚಾಗುವ ವೇಗದಲ್ಲಿ ನಿಮ್ಮ ಅಂಕಿ 0.85 ಬಂತೆನ್ನಿ. ಅರ್ಧದಷ್ಟು ಸಕ್ಕರೆಯಿಂದ, ಅಂದರೆ ಗಂಟೆಗೆ 75 ಗ್ರಾಂ. ಹುರುಪಿನಲ್ಲಿ 700 ಕ್ಯಾಲೊರಿಯ ವೇಗಕ್ಕೇರಿ ಅಂಕಿ 0.95 ಮುಟ್ಟಿದರೆ 145 ಗ್ರಾಂ ಹತ್ತಿರ. ಕುಡಿದು ತಿಂದು ತುಂಬಿಸೋಣವೆಂದರೆ, ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಗಂಟೆಗೆ ಸುಮಾರು 60 ಗ್ರಾಂ ಹೀರುತ್ತದೆ, ಫ್ರಕ್ಟೋಸ್ ಬೆರೆಸಿದರೆ 90. ಉಳಿದದ್ದು ದಾಸ್ತಾನಿನಿಂದಲೇ ಹೋಗಬೇಕು. ಗೋವಾದಲ್ಲಿ 1.9 ಕಿ.ಮೀ. ಸಮುದ್ರದ ಈಜು, 90 ಕಿ.ಮೀ. ಸೈಕಲ್, ಆಮೇಲೆ 21.1 ಕಿ.ಮೀ. ಓಟ. 2024ರಲ್ಲಿ ಅದನ್ನು ಮುಗಿಸಿದ ಸಂಸದ ತೇಜಸ್ವಿ ಸೂರ್ಯ ಅವರಿಗೆ ಹಿಡಿದದ್ದು ಎಂಟೂವರೆ ಗಂಟೆ. ಸೈಕಲ್ ಮೇಲೆ ಕಡ್ಡಿಯೆಲ್ಲ ಉರಿಸಿಬಿಟ್ಟವರು ಓಟದಲ್ಲಿ ನಡೆಯತೊಡಗುತ್ತಾರೆ.

ನಿಮ್ಮ ಭಾನುವಾರದ ಅಭ್ಯಾಸದ ಮೇಲೆ ನನಗೆ ಗುಮಾನಿ ಬರುವುದೂ ಇಲ್ಲಿಯೇ. ನಂದಿಯ ಏರು, ಅದರಲ್ಲೂ ಸವಾರರು ಬೈದುಕೊಂಡು ಹತ್ತುವ 40ನೇ ತಿರುವು, ಯಾರನ್ನೂ ಕೊರಡಿನ ವೇಗದಲ್ಲಿ ಇರಗೊಡುವುದಿಲ್ಲ. ಕೊಬ್ಬು ಉರಿಸುವ ಶಕ್ತಿ ಬೆಳೆಯುವುದು ವಾರಗಟ್ಟಲೆ ಮಾಡುವ ನಿಧಾನದ, ಬೇಸರದ ಸವಾರಿಯಲ್ಲಿ. ಅದಕ್ಕೆ ಚಿಂತಾಮಣಿ–ಶಿಡ್ಲಘಟ್ಟ ರಸ್ತೆಯೇ ವಾಸಿ. ಕೊರಡಿನಿಂದ ಕಡ್ಡಿಗೆ ಹೊರಳುವ ಹಂತವೆಂದು ಟೆಸ್ಟ್ ಕೊಡುವ ಹೃದಯಬಡಿತದ ಮಿತಿ ಹೆಚ್ಚು ಕೆಲಸಕ್ಕೆ ಬರುವುದು ನಿಮ್ಮನ್ನು ತಡೆಯುವುದಕ್ಕೆ. ಗರಿಷ್ಠ ಬಡಿತ ತಿಳಿಯಲು ಬಳಸುವ ‘220ರಿಂದ ವಯಸ್ಸು ಕಳೆಯಿರಿ’ ಎಂಬ ಸೂತ್ರ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ಮಾಮೂಲು.

ಮಾಡಿಸುವುದಾದರೆ ಸೈಕಲ್‌ಗೆ ಬೇರೆ, ಓಟಕ್ಕೆ ಬೇರೆ ಮಾಡಿಸಿ. ಒಂದರ ಮಿತಿ ಇನ್ನೊಂದಕ್ಕೆ ಹೊಂದುವುದಿಲ್ಲ. ಹಿಂದಿನ ರಾತ್ರಿಯ ಊಟ, ಬೆಳಗಿನ ಕಾಫಿ ಕೂಡ ಅಂಕಿಯನ್ನು ಅಲುಗಿಸುತ್ತವೆ. ಮೂರು ತಿಂಗಳ ನಂತರ ಮತ್ತೆ ಹೋದಾಗಲೂ ಅದೇ ಮುದ್ದೆ, ಅದೇ ಹೊತ್ತು ಇರಲಿ. ನಿಮ್ಮ ವಯಸ್ಸಿಗೆ ಮೊದಲು ವೈದ್ಯರಲ್ಲಿ ಇಸಿಜಿ, ಬಿಪಿ, ಸಕ್ಕರೆ ನೋಡಿಸಿಕೊಳ್ಳಿ, ಇದನ್ನು ಬಿಡಬೇಡಿ.

ದುಡ್ಡು ಸದ್ಯಕ್ಕೆ ಬೇಡವೆನಿಸಿದರೆ, ಪಕ್ಕದವರೊಡನೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ವೇಗದಲ್ಲಿ ಎರಡು ಮೂರು ತಿಂಗಳು ಓಡಿಸಿ. ನಂದಿಯನ್ನು ತಿಂಗಳಿಗೊಮ್ಮೆ ಮಾತ್ರ ಅಳತೆಗೋಲಾಗಿ ಇಟ್ಟುಕೊಳ್ಳಿ: ಅದೇ ಬುಡ, ಅದೇ ಗೇರ್, ಅದೇ ಬಡಿತ, ಹೊತ್ತು ಎಷ್ಟು ಕಡಿಮೆಯಾಯಿತು ಎಂದು ನೋಡಿ. ಭಾನುವಾರ ಮಾತ್ರ ಬೇಡ, ಕಾರುಗಳ ಸಾಲಿನ ಹಿಂದೆ ಅಳತೆಯೆಲ್ಲ ಕೆಡುತ್ತದೆ.